ನಡುತೊಲೆ

ಡಿಪೋದಲ್ಲಿ ನನ್ನ ಕೆಲಸ ಬಡಿದು ಕೇಳುವುದು.
ಸುತ್ತಿಗೆ ಗಾಲಿಯ ನಟ್ಟಿಗೆ ತಾಗಿ
ಟಣ್ ಅಂದರೆ ಬಸ್ಸು ರಾಯಚೂರಿಗೆ ಬಿಡಬಹುದು,
ಟಪ್ ಅಂದರೆ ಪಾನಾ ಎತ್ತಿಕೊಳ್ಳಬೇಕು.
ಹನ್ನೆರಡು ವರ್ಷ ಈ ಕಿವಿ ಕೈಕೊಟ್ಟಿಲ್ಲ.

ಮುದಗಲ್ಲಿನ ಅರ್ಧ ಮನೆ ನನ್ನ ಹೆಸರಿಗೆ ಆದ ಸಂಜೆ
ಏಣಿ ಹಾಕಿ ನಡುತೊಲೆಗೆ ಬೆರಳು ಮಡಚಿ ಬಡಿದೆ.
ಟಣ್ಣೂ ಅಲ್ಲ, ಟಪ್ಪೂ ಅಲ್ಲ.
ನಿದ್ದೆಯಲ್ಲಿದ್ದವರನ್ನು ಕರೆದರೆ
ಏಳದೆ ಹೂಂ ಅನ್ನುತ್ತಾರಲ್ಲ, ಹಾಗೆ.
ಕಣ್ಣಿಗೆ ಪುಡಿ ಉದುರಿತು,
ಜರಡಿ ಹಿಡಿದ ಹಿಟ್ಟಿಗಿಂತ ನುಣ್ಣಗೆ.

ಮಾನಪ್ಪ ಬಡಿಗೇರ ಉಳಿ ಚುಚ್ಚಿದ.
ಹಿಡಿಯ ತನಕ ಹೋಯಿತು.
"ಮರ ಖೋಟಾ ಅಲ್ರಿ ಅಕ್ಕಾರ, ಮತ್ತಿ ಐತಿ.
ಒರಲಿ ತಿಂದಿದ್ದು ಎರಡು ಮೊಳ.
ಒಂದು ಮೊಳ ನಿಮ್ಮದು,
ಒಂದು ಮೊಳ ಗ್ವಾಡಿ ಆಚೀದು."

ಒಂದು ಕಾಲಕ್ಕೆ ಒಂದೇ ಮನೆ ಇದು.
ಅಣ್ಣತಮ್ಮ ಪಾಲಾದಾಗ
ಕಂಬ ಎಣಿಸಿ ಹಂಚಿಕೊಂಡರಂತೆ, ಆರಕ್ಕೆ ಆರು.
ಬೀಸುವ ಕಲ್ಲಿನ ಮೇಲಿನದು ಒಬ್ಬನಿಗೆ, ಕೆಳಗಿನದು ಒಬ್ಬನಿಗೆ.
ತೊಲೆ ಮಾತ್ರ ಕೊಯ್ಯಲಾಗಲಿಲ್ಲ,
ಕೊಯ್ದರೆ ಮಾಳಿಗೆ ಇಬ್ಬರ ತಲೆಗೂ.
ಅದರ ಕುತ್ತಿಗೆ ತನಕ ಗೋಡೆ ಏರಿಸಿ
ಕೂದಲೆಳೆ ಸಂದು ಬಿಡದಂತೆ ಕೆಸರು ಮೆತ್ತಿದರು.
ಆ ಕೆಸರಿನೊಳಗಿಂದಲೇ ಒರಲಿ ಹತ್ತಿದ್ದು.

ಈಗ ಅಣ್ಣನೂ ಇಲ್ಲ, ತಮ್ಮನೂ ಇಲ್ಲ.
ಒಂದು ಪಾಲು ನಾನು ಕೊಂಡೆ, ಇನ್ನೊಂದು ಅತ್ತಾರ ಲಾಲಸಾಬರು.
ಅವರ ಜಗಳ ನಮಗೆ ಖರೀದಿ ಪತ್ರದ ಜೊತೆ ಬಂತು,
ಚಕ್ಕುಬಂದಿಯ ಸಾಲಿನಲ್ಲಿ: ಪೂರ್ವಕ್ಕೆ ಗೋಡೆ.

"ನಮ್ಮ ಕಡಿ ಸೋರಾಂಗಿಲ್ಲಲ್ಲ," ಅಂದರು ಲಾಲಸಾಬರು.
ಬಡಿದು ತೋರಿಸಿದೆ. ತಲೆ ಆಡಿಸಿದರು, ಕೇಳಲಿಲ್ಲ.
ನಾನು ಕಿವಿಯವಳು, ಅವರು ಮೂಗಿನವರು.
ಅಂಗೈಯಲ್ಲಿ ಪುಡಿ ಹಾಕಿದೆ.
ಕಣ್ಣು ಮುಚ್ಚಿ, ಅತ್ತರಿನ ಶೀಸೆ ಮೂಸುವಂತೆ ಮೂಸಿ
ತುಂಬಾ ಹೊತ್ತು ಸುಮ್ಮನಿದ್ದರು.
"ಹಸಿ ಬರಾಕತ್ತೈತಿ. ಒಣ ಮರಕ್ಕ ಇದು ಬರಬಾರದು.
ಯಾವಾಗ ಎತ್ತೋಣು?"

ಸ್ಟೋರಿನ ಯಂಕೋಬನನ್ನು ಕಾಡಿ ಹಳೆ ಜಾಕು ಎರಡು ತಂದೆ,
ಈ ಕಡೆಗೊಂದು, ಆ ಕಡೆಗೊಂದು.
ನನ್ನದು ನಾನು ತಿರುವಿದೆ, ಅವರದು ಅವರ ಮಗಳು ಶಾಹೀನಾ.
ಒಬ್ಬರಿಗೊಬ್ಬರು ಕಾಣೆವು, ಗೋಡೆಯ ಮೇಲಿಂದ ಮಾನಪ್ಪನ ಕೂಗು:
"ಕಾಲು ಸುತ್ತು! ನಿಂದ್ರು! ಆಚೀ ಕಡಿ ಅರ್ಧ!"
ಮಾಳಿಗೆಯ ಸವಳು ಮಣ್ಣು ಜಳಜಳ ಸುರಿಯಿತು,
ಯಾರ ಮುತ್ತಜ್ಜನೋ ಹಾಸಿದ ಜೋಳದ ರವದಿ ಅದರೊಳಗೆ,
ಇನ್ನೂ ಹಳದಿ.
ತೊಲೆ ನರಳಿತು. ಎದ್ದಿತು.
ಎರಡು ಕಡೆಯೂ ಯಾರೂ ಉಸಿರು ಬಿಡಲಿಲ್ಲ.

ನಾನು ತಂದ ಬೋಲ್ಟು ಮಾನಪ್ಪ ಬೇಡವೆಂದ.
"ಕಬ್ಬಿಣ ಬೆವರತೈತಿ, ಮರ ಕೊಳೀತೈತಿ."
ಹಳೆ ಮರಕ್ಕೂ ಹೊಸ ಮರಕ್ಕೂ ಹಲ್ಲು ಕೊಯ್ದು
ಹಲ್ಲಿಗೆ ಹಲ್ಲು ಕೂಡಿಸಿ ಜಾಲಿಯ ಬೆಣೆ ಬಡಿದ.
ಜಗಳವಾಡಿ ಒಂದು ಬೋಲ್ಟು ಗೆದ್ದೆ;
ಅದು ಈಗಲೂ ಬೆವರುತ್ತದೆ, ಅವನಿಗೆ ಹೇಳಿಲ್ಲ.

ಗೋಡೆ ಮತ್ತೆ ಮೇಲೆದ್ದಾಗ ತೊಲೆಯ ಸುತ್ತ
ನಾಲ್ಕು ಬೆರಳು ಸಂದು ಬಿಟ್ಟ. ಮರಕ್ಕೆ ಗಾಳಿ ಬೇಕಂತೆ.
ಮರಕ್ಕಷ್ಟೇ.
ಆದರೂ ಆ ದಾರಿಯಲ್ಲಿ ನಮ್ಮ ಒಗ್ಗರಣೆ ಹೋಗುತ್ತದೆ,
ಅವರ ಖಸ್ ಬರುತ್ತದೆ, ಶಾಹೀನಾಳ ಕೆಮ್ಮು ಬರುತ್ತದೆ,
ಒಂದೊಂದು ಸಲ ಸಿಟ್ಟೂ ಬರುತ್ತದೆ,
ನನ್ನ ರೇಡಿಯೋ ದೊಡ್ಡದಾಯಿತೆಂದು.

ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು
ಗೇರೆಣ್ಣೆ ಹಚ್ಚಬೇಕು, ಮಾಳಿಗೆಗೆ ಸವಳು ಹರವಬೇಕು,
ಕಂಬದ ಬುಡದಲ್ಲಿ ಒರಲಿಯ ಹೊಸ ಗೆರೆ ಹುಡುಕಬೇಕು.
ಮುಗಿಯುವ ಕೆಲಸವಲ್ಲ. ಬಸ್ಸೂ ಹಾಗೇ.

ಜಾಕು ಯಾವಾಗ ವಾಪಸ್ ಎಂದು ಯಂಕೋಬ ಕೇಳುತ್ತಲೇ ಇದ್ದಾನೆ.
ತೊಲೆ ಟಣ್ ಅನ್ನಲಿ, ಅವತ್ತೇ ತರುತ್ತೇನೆ ಅನ್ನುತ್ತೇನೆ.
ಮರ ಟಣ್ ಅನ್ನುವುದಿಲ್ಲ.
ಅವನಿಗೂ ಗೊತ್ತು.